ಕಾಜಕ್ಕನ ಸರದಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಯಾರ ಮಷೀನು ಕೆಟ್ಟು ನಿಲ್ಲುತ್ತದೋ ಅವರು ಅವತ್ತು ಊಟದ ಹೊತ್ತಿನಲ್ಲಿ ಉಳಿದವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಹಾರಿಕೆ ಮಾತು ನಡೆಯುವುದಿಲ್ಲ. ಮಷೀನು ನಿಂತರೆ ಬಾಯಿ ಓಡಬೇಕು, ಅಷ್ಟೆ. ನಾನು ಕಾಲರ್ ಹೊಲಿಯುವವಳು. ನನ್ನದು ಹಳೆಯ ಮಷೀನು, ಆಗಾಗ ಮುನಿಸಿಕೊಳ್ಳುತ್ತದೆ. ಹಾಗಾಗಿ ನನ್ನ ಗಂಡನ ಗೊರಕೆಯಿಂದ ಹಿಡಿದು ನಾದಿನಿಯ ಜೊತೆ ಮಾತು ಬಿಟ್ಟ ಕಾರಣದವರೆಗೆ ನನ್ನ ಮನೆಯ ವಿಷಯ ಇಡೀ ಅಂಗಡಿಗೆ ಗೊತ್ತು.

ಯಾರಿಗೂ ಗೊತ್ತಿಲ್ಲದ್ದು ಕಾಜಕ್ಕನ ವಿಷಯ. ಅಂಗಿಗಳಿಗೆ ಗುಂಡಿ ತೂರಿಸುವ ಕಾಜವನ್ನು ಕೈಯಲ್ಲೇ ಹೊಲಿದು ಗುಂಡಿ ಹಚ್ಚುವವಳು ಅವಳು, ಅದಕ್ಕೇ ಆ ಹೆಸರು. ಸೂಜಿ, ದಾರ, ಬೆರಳಿಗೊಂದು ತಗಡಿನ ಟೋಪಿ, ಇಷ್ಟೇ ಅವಳ ಸಾಮಾನು. ಮಷೀನೇ ಇಲ್ಲದವಳ ಮಷೀನು ಕೆಡುವುದಾದರೂ ಹೇಗೆ? ನಾವು ಒಬ್ಬೊಬ್ಬರಾಗಿ ಮನೆಯ ಗುಟ್ಟು ಬಿಚ್ಚಿಡುವಾಗ ಕಿಟಕಿಯ ಪಕ್ಕ ಕೂತು ಮುಸಿಮುಸಿ ನಗುತ್ತಿದ್ದಳು. ನನಗಂತೂ ಮೈ ಉರಿಯುತ್ತಿತ್ತು.

ಹೋದ ಸೋಮವಾರ ಯಜಮಾನರು ಕಾಜ ಹಾಕುವ ಮಷೀನು ತಂದು ಅವಳ ಕಿಟಕಿಯ ಪಕ್ಕವೇ ಇಟ್ಟರು. ಅಕ್ಕ ಬೆಳಗ್ಗೆಯೆಲ್ಲ ಕೂತು ಹಾಕುವಷ್ಟು ಕಾಜವನ್ನು ಅದು ನೋಡನೋಡುತ್ತಿದ್ದಂತೆ ಹಾಕಿ ಮುಗಿಸಿತು. ಯಜಮಾನರು ಕೆಟ್ಟವರಲ್ಲ. ಬಟ್ಟೆ ಕತ್ತರಿಸುವ ಮಾಸ್ತರು ಕೆಲಸ ಬಿಡುವವರಿದ್ದರು, ಆ ಜಾಗಕ್ಕೆ ಅಕ್ಕನನ್ನೇ ಕರೆದರು.

"ಇಷ್ಟು ವರ್ಷ ಬಟ್ಟೆ ಮಧ್ಯೆನೇ ಇದ್ದೀರಿ, ನಿಮಗೇನೂ ಕಷ್ಟ ಆಗಲ್ಲ. ಬೇಡ ಅಂದ್ರೆ ಬರೀ ಗುಂಡಿ ಹಚ್ಚೋಕೆ ಅರ್ಧ ದಿನದ ಕೆಲಸನೂ ಇರಲ್ಲಮ್ಮ. ಸಂಜೆಯೊಳಗೆ ಹೇಳಿಬಿಡಿ, ಇಲ್ಲಾಂದ್ರೆ ಹೊರಗಿನವರನ್ನ ಕರೀತೀನಿ" ಎಂದರು.

ಅಕ್ಕ ತಲೆಯಾಡಿಸಿದಳು. ಅದು ಹೂಂ ಅಂತಲೋ ಉಹೂಂ ಅಂತಲೋ ಯಾರಿಗೂ ತಿಳಿಯಲಿಲ್ಲ. ಬೇಡ ಎಂದುಬಿಡುತ್ತಾಳೆ ಎಂದು ನನಗೆ ಒಳಗೊಳಗೇ ಗುಮಾನಿ. ಅವಳಿಲ್ಲದ ಆ ಕಿಟಕಿಯನ್ನು ನೆನೆಸಿಕೊಳ್ಳಲೂ ನನಗೆ ಮನಸ್ಸಾಗಲಿಲ್ಲ.

ಊಟದ ಹೊತ್ತಿಗೆ ಸರಿಯಾಗಿ ಹೊಸ ಮಷೀನು ದಾರ ನುಂಗಿ, ಕಚ್ಚಿಕೊಂಡು ನಿಂತಿತು. ಜೇಬು ಹೊಲಿಯುವವಳು ಡಬ್ಬಿ ಬಿಚ್ಚುತ್ತಿದ್ದವಳು ಹಾಗೇ ತಲೆಯೆತ್ತಿದಳು. "ಕಾಜದ ಮಷೀನು ಅಂದ್ರೆ ಯಾರದು? ಕಾಜಕ್ಕಂದು!"

"ನಾನು ಅದನ್ನ ಮುಟ್ಟೂ ಇಲ್ಲ ಕಣ್ರೇ" ಎಂದಳು ಅಕ್ಕ.

"ಮುಟ್ಟದಿದ್ರೇನು, ನಿನ್ನ ಜಾಗದಲ್ಲಿ ಕೂತಿದೆಯಲ್ಲ. ಬಾ, ಬಾಯಿ ಬಿಡು" ಎಂದು ನಾನು ಅವಳ ಸ್ಟೂಲನ್ನು ನಡುವಿಗೆ ಎಳೆದೆ.

ಜೇಬಿನವಳು ಶುರುಮಾಡಿದಳು. "ಬೆಳಗ್ಗೆ ಎದ್ದು ಮೊದಲು ಏನು ಮಾಡ್ತೀರಿ?"

"ಏನೂ ಮಾಡಲ್ಲ. ಎಲ್ಲರಿಗಿಂತ ಮುಂಚೆ ಎದ್ದು ಅಡುಗೆಮನೇಲಿ ಸುಮ್ನೆ ಕೂತಿರ್ತೀನಿ. ಯಾರಾದ್ರೂ ಎದ್ದು ಬಂದ್ರೆ ನೀರು ಕಾಯ್ತಾ ಇದೆ, ನೋಡ್ಕೊತಿದ್ದೀನಿ ಅಂತೀನಿ. ಒಲೆ ಹಚ್ಚೇ ಇರಲ್ಲ."

ನಕ್ಕು ನಕ್ಕು ನಮಗೆ ಅನ್ನ ನೆತ್ತಿಗೆ ಹತ್ತಿತು. ಬಸ್ಸಿನಲ್ಲಿ ಯಾರ ಮುಖವನ್ನೂ ನೋಡುವುದಿಲ್ಲವಂತೆ, ಬರೀ ಗುಂಡಿ ನೋಡುತ್ತಾಳಂತೆ. ಒಮ್ಮೆ ಪರಿಚಯವಿಲ್ಲದ ಒಬ್ಬ ಮುದುಕರ ಅಂಗಿಯ ಗುಂಡಿ ನೇತಾಡುತ್ತಿದ್ದದ್ದನ್ನು ನೋಡಿ ತಡೆಯಲಾರದೆ, ಕೂತಲ್ಲೇ ಸೂಜಿ ತೆಗೆದು ಹಚ್ಚಿಕೊಟ್ಟಳಂತೆ. ಅವರು ಇಳಿಯಬೇಕಾದ ಜಾಗ ದಾಟಿಹೋಗಿ, ಬೈಯುತ್ತಲೇ ಥ್ಯಾಂಕ್ಸ್ ಹೇಳಿ ಇಳಿದರಂತೆ. ಇಷ್ಟು ವರ್ಷ ಈ ಹೆಂಗಸು ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದಳಲ್ಲ ಎಂದು ನನಗೆ ಸಿಟ್ಟೂ ಬಂತು, ಮುದ್ದೂ ಬಂತು.

ಆಮೇಲೆ ನಾನು ಕೇಳಿದೆ. "ನೀನು ಕತ್ತರಿ ಹಿಡಿದಿದ್ದನ್ನೇ ನಾನು ನೋಡಿಲ್ಲ. ದಾರ ಹಲ್ಲಲ್ಲಿ ಕಡೀತೀಯ. ಕಾಜದ ಸೀಳನ್ನೂ ಮಾಸ್ತರ ಕೈಲೇ ಮಾಡಿಸ್ಕೊತೀಯ. ಯಾಕಕ್ಕ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ನಮ್ಮಪ್ಪನೂ ಟೈಲರ್. ಮದುವೆಗೆ ಮುಂಚೆ ಅವನ ಅಂಗಡೀಲೇ ಇದ್ದೆ. ಒಂದಿನ ಕತ್ತರಿ ಕೈಗೆ ಕೊಟ್ಟು, ಈ ಕೋಟು ನೀನೇ ಕತ್ತರಿಸು ಅಂದ. ಒಳ್ಳೇ ಬಟ್ಟೆ. ತೋಳು ಕತ್ತರಿಸುವಾಗ ಮಾದರಿ ಕಾಗದನ ತಿರುಗಿಸಿ ಇಡೋದೇ ಮರೆತೆ. ಎರಡೂ ಎಡಗೈ ತೋಳೇ ಆಯ್ತು. ಮಿಕ್ಕಿದ ಬಟ್ಟೇನೂ ಇರಲಿಲ್ಲ."

"ಹೊಡೆದರಾ?" ಎಂದಳು ಜೇಬಿನವಳು.

"ಹೊಡೆದಿದ್ರೆ ಚೆನ್ನಾಗಿರೋದು. ಒಂದು ಮಾತೂ ಆಡಲಿಲ್ಲ. ಕತ್ತರಿ ತಗೊಂಡು ತನ್ನ ಪಕ್ಕ ಇಟ್ಕೊಂಡ. ಮಾರನೇ ದಿನದಿಂದ ನನಗೆ ಬರೀ ಕಾಜ. ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ಕಣೇ. ಕತ್ತರಿ ಹಾಕಿದ್ದನ್ನ ಏನು ಮಾಡ್ತೀಯ?"

"ಹಾಗಾದ್ರೆ ನಿಮಗೆ ಆಸೆ ಅಂತ ಏನೂ ಇಲ್ವಾ ಅಕ್ಕ?" ಎಂದಳು ಜೇಬಿನವಳು.

"ಯಾಕಿಲ್ಲ? ಒಂದು ಅಂಗೀನ ಬಟ್ಟೆ ಥಾನಿಂದ ಹಿಡಿದು ಗುಂಡಿವರೆಗೂ ನಾನೇ ಮಾಡಬೇಕು. ಒಂದಾದ್ರೂ ಸರಿ, ಪೂರ್ತಿ ನಂದು ಅನ್ನಬೇಕು." ಹೇಳಿ, ಹೇಳಬಾರದ್ದನ್ನು ಹೇಳಿದವಳಂತೆ ತಲೆ ತಗ್ಗಿಸಿದಳು.

"ಸಂಜೆ ಯಜಮಾನ್ರಿಗೆ ಏನು ಹೇಳ್ತೀಯ ಮತ್ತೆ?" ಎಂದೆ ನಾನು.

"ಬೇಡ ಅಂತೀನಿ. ಹೆತ್ತ ಅಪ್ಪನೇ ನಂಬಲಿಲ್ಲ. ಇವರ ಬಟ್ಟೆ ಯಾಕೆ ಹಾಳು ಮಾಡಲಿ?"

ನನ್ನ ಪಿತ್ತ ನೆತ್ತಿಗೇರಿತು. "ನಂಬಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ್ರಾ? ಇಲ್ಲ. ನೀನಾದ್ರೂ ಕೇಳಿದ್ಯಾ? ಅದೂ ಇಲ್ಲ. ಅಪ್ಪ ಇನ್ನೂ ಇದ್ದಾರೆ ತಾನೆ? ಫೋನ್ ಹಚ್ಚು. ಈಗಲೇ."

ಬೇಡ ಬೇಡ ಎನ್ನುತ್ತಲೇ ಹಚ್ಚಿದಳು. ಅಪ್ಪನಿಗೆ ಕಿವಿ ಮಂದ, ಹಾಗಾಗಿ ಕೂಗಿಯೇ ಮಾತಾಡುತ್ತಾರೆ. ಅವರ ಮಾತು ನಮಗೆಲ್ಲ ಕೇಳಿಸಿತು.

"ಯಾವ ಕೋಟು?"

"ಎರಡೂ ಎಡಗೈ ಆಗಿತ್ತಲ್ಲಪ್ಪ, ಅದು."

"ನೆನಪಿಲ್ಲವಲ್ಲ ಮಗಳೇ. ಅಂಥವು ನನ್ನ ಕೈಯಿಂದಲೇ ಎಷ್ಟಾಗಿವೆಯೋ."

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ಮತ್ತೆ ನನಗೆ ಇನ್ನೊಂದು ಸಲ ಕತ್ತರಿ ಯಾಕೆ ಕೊಡಲಿಲ್ಲ ನೀನು?"

"ನೀನು ಕೇಳಲಿಲ್ಲ. ಇಷ್ಟ ಇಲ್ವೇನೋ ಅಂದ್ಕೊಂಡೆ. ಕಾಜ ಚೆನ್ನಾಗಿ ಹಾಕ್ತಿದ್ದೆ, ನನಗೂ ಅನುಕೂಲ ಆಯ್ತು. ಸುಮ್ನಾಗಿಬಿಟ್ಟೆ... ಊಟ ಆಯ್ತೇನಮ್ಮ?"

"ಆಯ್ತಪ್ಪ" ಎಂದು ಅಕ್ಕ ಫೋನ್ ಇಟ್ಟಳು.

ಭಾರ ಇಳಿಯಿತು ಎನ್ನುತ್ತಾಳೆ ಎಂದುಕೊಂಡಿದ್ದೆ. ಇಲ್ಲ. "ನೆನಪೇ ಇಲ್ವಂತೆ ಕಣೇ. ನನ್ನ ತಲೆ ಬೆಳ್ಳಗಾಯ್ತು, ಅವನಿಗೆ ನೆನಪೂ ಇಲ್ಲ" ಎಂದು ಬಿಕ್ಕಿಬಿಕ್ಕಿ ಅತ್ತಳು. ಬೆನ್ನ ಮೇಲೆ ಕೈಯಿಟ್ಟು ಕೂತೆ, ನನ್ನ ಕಣ್ಣಲ್ಲೂ ನೀರು ಬಂತು.

ಸಂಜೆ ಯಜಮಾನರು ಕೇಳುವ ಮೊದಲೇ ಅವಳು ಹೇಳಿದಳು. "ಬಟ್ಟೆ ಕತ್ತರಿಸೋ ಆ ಮೇಜು ನನಗಿರಲಿ."

ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ಶುಕ್ರವಾರ ಒಂದು ಪ್ಯಾಂಟಿಗೆ ಕೆಳಗಿನ ಮಡಿಕೆಗೆಂದು ಬಿಡಬೇಕಾದ ಬಟ್ಟೆಯನ್ನು ಬಿಡದೆ ಕತ್ತರಿಸಿಬಿಟ್ಟಳು. ದುಬಾರಿ ಬಟ್ಟೆ. ಅಳತೆಪಟ್ಟಿ ಹಿಡಿದು ಅವಳು ನಿಂತ ರೀತಿಯಲ್ಲೇ ನಮಗೆ ಗೊತ್ತಾಯಿತು. ಯಾರೂ ಮಷೀನು ತುಳಿಯಲಿಲ್ಲ. ಯಜಮಾನರು ಬಂದು ತುಂಡುಗಳನ್ನು ಎತ್ತಿ ನೋಡಿದರು. ಮುಖ ಕೆಂಪಗಾಯಿತು, ಆದರೆ ಮಾತಾಡಲಿಲ್ಲ. ಮೇಜಿನ ಮೇಲಿದ್ದ ಕತ್ತರಿಯ ಕಡೆ ಕೈಚಾಚಿದರು.

ಅಕ್ಕ ಅವರಿಗಿಂತ ಮೊದಲೇ ಅದನ್ನು ಎತ್ತಿಕೊಂಡಳು.

"ಕೆಟ್ಟಿದ್ದು ನನ್ನ ಕೈಯಿಂದಲೇ" ಎಂದಳು. "ಬೈಯೋದಿದ್ರೆ ಬೈದು ಮುಗಿಸಿ ಸ್ವಾಮಿ. ಆಮೇಲೆ ಇನ್ನೊಂದು ಬಟ್ಟೆ ಕೊಡಿ."