ರಾಮವ್ವನ ಎದೆಗೆ ಹಾಲು ಮರಳಿದ್ದು

ತಂಗಿಯ ಕೂಸಿಗೆ ತಾನೇ ಮೊಲೆಯೂಡಿಸುತ್ತೇನೆ ಎಂದು ರಾಮವ್ವ ಹೇಳಿದಾಗ ಅತ್ತೆ ಗುಂಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ರಾಮವ್ವನ ಕಿರಿಯ ಮಗ ಮೊಲೆ ಬಿಟ್ಟು ಎಷ್ಟೋ ಕಾಲವಾಗಿ, ಈಗ ಅಂಗನವಾಡಿಗೆ ಹೋಗುತ್ತಿದ್ದ.

ತಂಗಿ ಸುಜಾತಾಳಿಗೆ ಬಾಣಂತನದಲ್ಲೇ ರಕ್ತದ ಕ್ಯಾನ್ಸರ್ ಎಂದು ತಿಳಿದು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಔಷಧ ಹಾಲಿಗೂ ಇಳಿಯುತ್ತದೆ, ಕುಡಿಸಬೇಡಿ ಎಂದು ವೈದ್ಯರು ಹೇಳಿದ್ದರು. ಹೆಣ್ಣುಕೂಸು ಝಳಕಿ ಊರಿಗೆ, ರಾಮವ್ವನ ಮನೆಗೆ ಬಂತು. ಪುಡಿಹಾಲು ಅದರ ಮೈಗೆ ಹತ್ತುತ್ತಿರಲಿಲ್ಲ.

“ಬತ್ತಿದ ಎದಿಗೆ ಮತ್ತ ಹಾಲು ಬರ್ತೈತೇನವಾ?”

“ಕೇಳ್ಕೊಂಡು ಬರ್ತೇನಿ ತಡೀರಿ ಅತ್ತಿ.”

ಆರೋಗ್ಯ ಕೇಂದ್ರದ ನರ್ಸ್ ಅಫ್ರೋಜ ಮೊದಲು ರಾಮವ್ವನ ರಕ್ತ ಪರೀಕ್ಷೆ ಮಾಡಿಸಿದಳು. ಆಮೇಲೆ ಕೂರಿಸಿಕೊಂಡು ಹೇಳಿದಳು: “ಎದಿಯೊಳಗ ದ್ರಾಕ್ಷಿ ಗೊನಿ ಇದ್ದಂಗ ಸಣ್ಣ ಸಣ್ಣ ಚೀಲ ಇರ್ತಾವ್ರಿ. ಅವುಗಳ ಗ್ವಾಡಿಗೆ ಹಾಲು ಮಾಡೋ ಜೀವಕೋಶ ಕುಂತಿರ್ತಾವ. ರಕ್ತದಾಗಿಂದ ನೀರು, ಸಕ್ಕರಿ, ಜಿಡ್ಡು ಎಳ್ಕೊಂಡು ಹಾಲು ಮಾಡ್ತಾವ. ಕೂಸು ಮೊಲಿ ಬಿಟ್ಟಮ್ಯಾಲೆ ಅವು ಭಾಳಷ್ಟು ಸಾಯ್ತಾವ.”

“ಎಲ್ಲಾನೂ ಸಾಯ್ತಾವೇನ್ರಿ?”

“ಇಲ್ರಿ, ಕೆಲವು ಉಳೀತಾವ. ಕೂಸು ಚೀಪಿದ್ರ ಸುದ್ದಿ ಮಿದುಳಿಗೆ ಹೋಗ್ತೈತಿ. ಅಲ್ಲಿಂದ ರಕ್ತದಾಗ ಒಂದು ರಸ ಬಂದು ಇವನ್ನ ಎಬ್ಬಸ್ತೈತಿ. ಮತ್ತ ಹೊಸಾವು ಹುಟ್ಕೋತಾವ. ಎಷ್ಟು ಹಾಲು ಬರ್ತೈತಿ ಅಂತ ಮಾತ್ರ ಈಗ ಹೇಳಾಕ ಬರಂಗಿಲ್ಲ.”

“ಚೀಪಸೋದು ನನ್ನ ಕೆಲಸ ಹೌದಲ್ರಿ? ಹಂಗಾರ ಬರ್ತೈತಿ,” ಎಂದಳು ರಾಮವ್ವ.

ಹಾಲಿಲ್ಲದ ಎದೆ ಚೀಪಿ ಕೂಸು ಸಿಟ್ಟಿಗೆದ್ದು ಅಳುತ್ತಿತ್ತು. ಅಫ್ರೋಜ ಶಾವಿಗೆ ಎಳೆಯಷ್ಟು ಸಣ್ಣ ನಳಿಗೆಯೊಂದನ್ನು ಮೊಲೆತೊಟ್ಟಿನ ಪಕ್ಕಕ್ಕೆ ಅಂಟಿಸಿ, ಅದರ ಇನ್ನೊಂದು ತುದಿಯನ್ನು ಪುಡಿಹಾಲು ಕದಡಿದ ಸಣ್ಣ ಬಟ್ಟಲಿನಲ್ಲಿ, ವಾಟಗದಲ್ಲಿ, ಇಳಿಬಿಟ್ಟಳು. ಚೀಪಿದಾಗ ಬಾಯಿಗೆ ಹಾಲೂ ಬಂತು, ಎದೆಗೆ ಕೆಲಸವೂ ಆಯಿತು. ಕುರಿಗಳನ್ನು ಮೇಯಲು ತನ್ನ ಅಣ್ಣನೊಂದಿಗೆ ಕಳಿಸಿ ಗಂಡ ಸೋಮನಿಂಗ ವಾಟಗ ಹಿಡಿದು ಕೂತ. ಓಣಿಯವರು ನಕ್ಕರು. ಅವನು ಮೀಸೆ ತಿರುವಿಕೊಂಡು ಕೂತೇ ಇದ್ದ.

ವಾರಗಳು ಹೋದವು. ತೊಟ್ಟು ಹುಣ್ಣಾಯಿತು, ಮಾಯಿತು. ಒಂದು ಮುಂಜಾನೆ ಎದೆ ಜಗ್ಗಿದಂತಾಗಿ ರಾಮವ್ವ ಒತ್ತಿ ನೋಡಿದಳು.

“ಅತ್ತಿ, ಬರ್ರಿಲ್ಲೆ.”

ಬೆರಳ ಮೇಲಿನ ಬಿಳಿ ಹನಿಯನ್ನು ಗುಂಡವ್ವ ಬಗ್ಗಿ ನೋಡಿದಳು. ಅಂದಿನಿಂದ ಸೊಸೆಯ ರೊಟ್ಟಿಯ ಮೇಲಿನ ಬೆಣ್ಣೆ ಮುದ್ದೆ ದೊಡ್ಡದಾಯಿತು. ವಾಟಗದ ಹಾಲು ದಿನದಿನಕ್ಕೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಕೂಸಿನ ಗಲ್ಲ ತುಂಬಿತು.

ಮುಂದಿನ ವರ್ಷ ಸುಜಾತಾ ಗುಣವಾಗಿ ಬಂದಳು. ತಲೆಯ ಮೇಲೆ ಆಗಷ್ಟೇ ಕೂದಲು ಮೊಳೆಯುತ್ತಿತ್ತು. ಕೂಸು ಅವಳನ್ನು ಕಂಡು ಮುಖ ತಿರುಗಿಸಿತು.

“ನನ್ನ ಗುರ್ತು ಇಲ್ಲ ಅದಕ್ಕ, ಅಕ್ಕಾ.”

“ಆಗ್ತೈತಿ. ಇಲ್ಲಿ ಕುಂಡ್ರು.”

ರಾಮವ್ವ ತಂಗಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಕೂಸನ್ನು ಸುಜಾತಾಳ ತೊಡೆಯ ಮೇಲೆ ಮಲಗಿಸಿ, ತಾನು ಬಾಗಿ ಹಾಲು ಕೊಟ್ಟಳು. ಕುಡಿಯುತ್ತ ಕುಡಿಯುತ್ತ ಕೂಸು ಒಂದು ಕೈ ಚಾಚಿ ಸುಜಾತಾಳ ಬೆರಳು ಹಿಡಿದುಕೊಂಡಿತು.