ಬಾಯಲ್ಲಿ ಬಾರಿಸಿದ ಗಟ್ಟಿಮೇಳ

ವಾದ್ಯವಿಲ್ಲದೆ ಬರಿಬಾಯಲ್ಲಿ ಹಾಡುವ ತಂಡಗಳಿಗೆ ಈಗ ನಮ್ಮ ಕಡೆ ಭಾರಿ ಗಿರಾಕಿ. ಹಾಸನದಲ್ಲಿ ಕಾಲೇಜಿಗೊಂದು ತಂಡ. ಅರಕಲಗೂಡಿನಲ್ಲಿ ಬೇಕರಿ ತೆರೆದರೂ ನಾಲ್ಕು ಹುಡುಗರು ಬಾಗಿಲಲ್ಲಿ ನಿಂತು ಗಂಟಲಲ್ಲೇ ತಬಲ ಬಾರಿಸುತ್ತಾರೆ. ನಮ್ಮದು ಐದು ಜನರ ತಂಡ. ಇಬ್ಬರು ನಾದಸ್ವರ, ಒಬ್ಬ ಶ್ರುತಿ, ಒಬ್ಬ ತಾಳ, ನಾನು ಡೋಲು. ನನಗೆ ಡೋಲು ಸಿಕ್ಕಿದ್ದು ಪ್ರತಿಭೆಯಿಂದಲ್ಲ, ಕೆನ್ನೆಯಿಂದ.

ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುವ ನನ್ನ ದೊಡ್ಡಪ್ಪ ಇಂಥ ಹಾಡಿನ ದೊಡ್ಡ ಅಭಿಮಾನಿ. ಯಾವುದೋ ದೇಶದ ಹುಡುಗರ ವೀಡಿಯೊಗಳನ್ನು ದಿನಾ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ ಕೈಮುಗಿಯುತ್ತಾರೆ. ನಮ್ಮದನ್ನು ಹಾಕಿದರೆ ಮಾತ್ರ ಅವರಿಗೆ ನೆಟ್‌ವರ್ಕ್ ಇರುವುದಿಲ್ಲ.

ಅಕ್ಕನ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಗೊತ್ತಾಯಿತು. ಅವತ್ತು ಎಲ್ಲೆಲ್ಲೂ ಲಗ್ನ. ಹೊಳೆನರಸೀಪುರದ ನಮ್ಮ ಓಲಗದವರು ಸಿಗಲಿಲ್ಲ.

“ಗಟ್ಟಿಮೇಳ ನಿಮ್ದೇ ಆಗ್ಲಿ ಕಣೋ,” ಅಂದಳು ಅಕ್ಕ. “ನಿನ್ ಬಾಯಿ ಒಂದ್ಸಲನಾದ್ರೂ ಒಳ್ಳೇದುಕ್ಕೆ ಬರ್ಲಿ.”

ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಸೀನೂ ಯಾರ ಕೆಟ್ಟ ಮಾತೂ ಹೆಣ್ಣುಗಂಡಿನ ಕಿವಿಗೆ ಬೀಳದಂತೆ ಮುಚ್ಚಿಬಿಡುವುದು ಗಟ್ಟಿಮೇಳದ ಕೆಲಸ. ವಾರಗಟ್ಟಲೆ ಅಭ್ಯಾಸ ಮಾಡಿದೆವು. ನನ್ನ ತುಟಿ ಊದಿದ್ದು ನೋಡಿ ಜೇನು ಕಚ್ಚಿತೆಂದು ಅವ್ವ ಸುಣ್ಣ ಹಿಡಿದು ಬಂದಳು.

ಮದುವೆಯ ಬೆಳಿಗ್ಗೆ ದೊಡ್ಡಪ್ಪ ನಮ್ಮನ್ನು ಅಡಿಗೆಮನೆ ಹಿಂದಕ್ಕೆ ಕರೆದರು.

“ಲೇ, ಬಾಯಲ್ಲಿ ಬಾರ್ಸುದ್ರೆ ಅಪಶಕುನ ಕಣ್ಲಾ. ಓಲಗಕ್ಕೂ ಗತಿಯಿಲ್ವಾ ಅಂತ ಬೀಗ್ರು ನಗ್ತಾರೆ. ಮೂರ್ತಕ್ಕೆ ಮೊಬೈಲ್ ಆಕ್ತೀನಿ. ನೀವು ಊಟದ್ ಒತ್ನಲ್ಲಿ ಆಡ್ಕಳಿ.”

“ಮೊಬೈಲ್ ಊದುದ್ರೆ ಶಕುನವಾ ದೊಡ್ಡಪ್ಪ?”

“ಅದ್ರೊಳ್ಗೆ ಇರಾದು ನಿಜ್ವಾದ್ ಓಲ್ಗ ಕಣ್ಲಾ.”

ಉಸಿರಾಡುವ ನಾವು ನಕಲಿ, ಚಾರ್ಜು ಹಾಕಿಸಿಕೊಳ್ಳುವ ಡಬ್ಬಿ ಅಸಲಿ! ಬೇರೆ ದಿನವಾಗಿದ್ದರೆ ಅದೇ ಮಾತನ್ನು ಅವರದೇ ದನಿಯಲ್ಲಿ ಹೇಳಿ ಅಡಿಗೆಯವರನ್ನೆಲ್ಲ ನಗಿಸುತ್ತಿದ್ದೆ. ಅವತ್ತು ಅಕ್ಕನ ಮದುವೆ.

ಪುರೋಹಿತರು ಬೆರಳೆತ್ತಿ “ಗಟ್ಟಿಮೇಳ, ಗಟ್ಟಿಮೇಳ!” ಅಂದರು. ದೊಡ್ಡಪ್ಪ ಮೊಬೈಲು ಒತ್ತಿದರು. ಛತ್ರದ ಸ್ಪೀಕರಿನಲ್ಲಿ ಒಬ್ಬ ಹೆಂಗಸು ಭಾರಿ ಕಾಳಜಿಯಿಂದ ಕೇಳಿದಳು: “ಬೆಳಿಗ್ಗೆ ಹೊಟ್ಟೆ ಸಲೀಸಾಗಿ ಖಾಲಿಯಾಗುತ್ತಿಲ್ಲವೇ?”

ಚೂರ್ಣದ ಜಾಹೀರಾತು. ಅರಿಶಿನದ ಬೆರಳಲ್ಲಿ ದೊಡ್ಡಪ್ಪ ಎಷ್ಟು ತಿವಿದರೂ ಅದು ನಿಲ್ಲಲಿಲ್ಲ. ಭಾವನ ಕೈಯಲ್ಲಿ ತಾಳಿ ಹಾಗೇ ನಿಂತಿತು. ಅನುಭವಿಸಲಿ ಅಂತ ನಾನು ಕೈಕಟ್ಟಿಕೊಂಡೆ. ಆಗ ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಅದು ಬೇಡಿಕೊಳ್ಳುವ ನೋಟವಲ್ಲ, ಚಿಕ್ಕಂದಿನಲ್ಲಿ ಬೆನ್ನಿಗೆ ಗುದ್ದುವ ಮುಂಚೆ ನೋಡುತ್ತಿದ್ದ ನೋಟ.

ಐದೂ ಬಾಯಿ ಒಟ್ಟಿಗೆ ತೆರೆದವು. ಮೈಕಿಲ್ಲ, ಏನಿಲ್ಲ. ಚೂರ್ಣದ ಹೆಂಗಸು ಮುಳುಗಿಹೋದಳು. ಮುಂದಿನ ಸಾಲಿನಲ್ಲಿ ಭಾವನ ಅಜ್ಜಿ ಸೀನಿದ್ದನ್ನು ನಾನು ಕಣ್ಣಲ್ಲಿ ಕಂಡೆ, ಕಿವಿಯಲ್ಲಿ ಕೇಳಲಿಲ್ಲ. ತಾಳಿ ಕಟ್ಟಿ ಆಯಿತು.

ಆಮೇಲೆ ದೊಡ್ಡಪ್ಪ ಮದುವೆಯ ವೀಡಿಯೊ ಮಾಡಿಸಿ ವಾಟ್ಸಾಪಿಗೆ ಹಾಕಿದರು. ಮುಹೂರ್ತದಲ್ಲಿ ನಮ್ಮ ದನಿಯೇ ಇಲ್ಲ! ಅದನ್ನು ಅಳಿಸಿ ಎಲ್ಲಿಯದೋ ನಾದಸ್ವರ ಅಂಟಿಸಿದ್ದಾರೆ. ಪಕ್ಕದಲ್ಲಿ ಐದು ಜನ ಪೆದ್ದರು ಕೆನ್ನೆ ಉಬ್ಬಿಸಿಕೊಂಡು ಬಡಬಡಿಸುತ್ತಿದ್ದಾರೆ. ಮದುವೆಗೆ ಬಾರದ ಹರದನಹಳ್ಳಿಯ ಅತ್ತೆ ಕೆಳಗೆ ಬರೆದಿದ್ದರು: “ಓಲ್ಗಕ್ಕೆ ಎಂಗ್ ಬಾಯಾಡುಸ್ತವ್ನೆ ನೋಡಿ ಕೋತಿ!”

ಫೋನು ಮಾಡಿದೆ. “ದೊಡ್ಡಪ್ಪ, ನಮ್ ದನಿ ಯಾಕ್ ತೆಗ್ಸುದ್ರಿ?”

“ನಾಳೆ ನೋಡೋರ್ಗೆ ಮದ್ವೆ ಅನ್ನುಸ್ಬೇಕಲ್ಲ ಕಣ್ಲಾ. ಅವತ್ತಿನ್ ಕೆಲ್ಸ ಅವತ್ತೇ ಆಯ್ತಲ್ಲ, ಬುಡು.”

ಅಣಕಿಸಿ ಅಣಕಿಸಿ ಊರವರ ದನಿಯನ್ನೆಲ್ಲ ಕದ್ದವನು ನಾನು. ದೊಡ್ಡಪ್ಪನ ಕೆಮ್ಮನ್ನೂ ಬಿಟ್ಟಿಲ್ಲ. ಆದರೆ ಕದ್ದದ್ದನ್ನು ಅವರೆದುರಿಗೇ ವಾಪಸ್ಸು ಕೊಟ್ಟಿದ್ದೇನೆ. ಈ ಮನುಷ್ಯ ನನ್ನದನ್ನು ತೆಗೆದುಕೊಂಡು ನುಂಗಿ ಕೂತಿದ್ದಾರೆ.

ಈಗ ಅವರ ಮಗಳ ಮದುವೆ. “ನಿಮ್ ಉಡುಗ್ರನ್ನೂ ಕರ್ಕಬಾ. ಮೊಬೈಲ್ ಕೈಕೊಟ್ರೆ ಇರ್ಲಿ,” ಅಂದಿದ್ದಾರೆ. ಐದೂ ಜನ ಹೋಗುತ್ತೇವೆ, ಊಟಕ್ಕೆ. ಮುಹೂರ್ತದ ಹೊತ್ತಿಗೆ ನಮ್ಮೆಲ್ಲರ ಬಾಯಲ್ಲೂ ಇಡ್ಲಿ ಇರುತ್ತದೆ.