ಅವ್ವನ ಬೆನ್ನು ದಾಟಿ ಬಂದ ತಂಪು

ನನ್ನ ಮಗಳು ಈಗ ಕರೆಂಟಿನ ಕಾರು ಓಡಿಸುತ್ತಾಳೆ. ಗೋಕಾಕದಿಂದ ಮೂಡಲಗಿಗೆ ಬರುವಾಗ ನನ್ನನ್ನು ಬಾಜೂ ಕೂರಿಸಿಕೊಳ್ಳುತ್ತಾಳೆ. ಸದ್ದಿಲ್ಲ, ಹೊಗೆಯಿಲ್ಲ, ದೇವರ ಮನೆಯಲ್ಲಿ ಕೂತಷ್ಟು ಶಾಂತ. ಆದರೆ ಎಸಿಯ ಗುಂಡಿಗೆ ನಾನು ಕೈ ಹಚ್ಚಿದರೆ ಸಾಕು, "ಅವ್ವಾ, ಅಷ್ಟ ಜೋರ ಮಾಡಬ್ಯಾಡ. ಚಾರ್ಜೆಲ್ಲಾ ತಂಪಿಗೇ ಹೋದ್ರ ಮನಿ ಹೆಂಗ ಮುಟ್ಟೂದು?" ಎನ್ನುತ್ತಾಳೆ. ಬಿಸಿಲಲ್ಲಿ ನಿಂತ ಕಾರು ಹತ್ತಿದೊಡನೆ ನಾಲ್ಕೂ ಗಾಜು ಇಳಿಸುತ್ತಾಳೆ. ಒಳಗೆ ಕುದಿಯುತ್ತಿದ್ದ ಗಾಳಿ ಹೊರಗೆ ಹೋದ ಮೇಲೆ ಗಾಜು ಏರಿಸಿ ಎಸಿ ಹಾಕುತ್ತಾಳೆ. ಹಾಗೆ ಮಾಡಿದರೆ ಬೇಗ ತಂಪಾಗುತ್ತದೆ, ಚಾರ್ಜೂ ಉಳಿಯುತ್ತದೆ. ಅವಳಪ್ಪ ಕಲಿಸಿದ ಪಾಠ ಅದು.

ಅವಳು ಗಾಜು ಇಳಿಸುವಾಗೆಲ್ಲ ನಾನು ಒಂದು ಗಳಿಗೆ ಉಸಿರು ಹಿಡಿಯುತ್ತೇನೆ. ಯಾಕೆಂದು ಹೇಳಿಲ್ಲ. ಆ ಮಾತಿನಲ್ಲಿ ಅವಳೂ ಇದ್ದಾಳೆ, ಕುಲಾವಿ ಕಟ್ಟಿಕೊಂಡ ಕೂಸಾಗಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ಚೊಚ್ಚಲ ಬಾಣಂತನಕ್ಕೆ ಹುಕ್ಕೇರಿಯ ತವರಿಗೆ ಹೋಗಿದ್ದೆ. ಐದನೆಯ ತಿಂಗಳಿಗೆ ತಾಯಿ ತಾನೇ ಜೊತೆಗೆ ಹೋಗಿ, ತೊಟ್ಟಿಲ ಸಮೇತ ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಮುಟ್ಟಿಸಿ ಬರುವುದು ನಮ್ಮಲ್ಲಿನ ಪದ್ಧತಿ. ಆ ಐದನೆಯ ತಿಂಗಳು ನಡುಬೇಸಿಗೆಯಲ್ಲೇ ಬಂತು.

ಮೂಡಲಗಿಯಲ್ಲಿ ನಮ್ಮ ಯಜಮಾನರದು ಹೊಲಕ್ಕೆ ಬೇಕಾಗುವ ಪೈಪುಗಳ ಅಂಗಡಿ. ಆ ವರ್ಷ ಯಾರೋ ಓಡಿಸಿ ಬಿಟ್ಟ ಒಂದು ಕಾರು ಕೊಂಡಿದ್ದರು. ಬಣ್ಣ ಮಾಸಿತ್ತು, ಬಾಗಿಲು ಎರಡು ಸಲ ಜಗ್ಗಿದರೆ ಹತ್ತುತ್ತಿತ್ತು, ಆದರೆ ಎಸಿ ಇತ್ತು. ಬಿಸಿಲಲ್ಲಿ ಹೆಂಡತಿ ಮಗಳನ್ನು ತಂಪಾಗಿ ಕರೆದೊಯ್ಯುತ್ತೇನೆ ಎಂಬ ಹಿಗ್ಗಿನಲ್ಲಿ ಬೆಳಿಗ್ಗೆಯೇ ಹುಕ್ಕೇರಿಗೆ ಬಂದರು.

ಅವ್ವ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು. ಬಿಚ್ಚಿದ ತೊಟ್ಟಿಲನ್ನು ಡಿಕ್ಕಿಗೆ ಏರಿಸಿದ್ದಾಯಿತು. ಅಂಟಿನ ಉಂಡಿಯ ದೊಡ್ಡ ಬುಟ್ಟಿ ಮುಂದಿನ ಸೀಟಿನಲ್ಲಿ ಕೂತಿತು. ಅಳಿಯನ ಬಾಜೂ ಕೂರುವವಳಲ್ಲ ಅವ್ವ. ನಾವು ಮೂವರೂ ಹಿಂದೆ. ಕಾರಿನ ಒಳಗೆ ಬಗ್ಗಿ ನೋಡಿ ಅವ್ವ ಕೇಳಿದಳು:

"ಥಂಡಿ ಗಾಳಿ ಎಲ್ಲಿಂದ ಬರತೈತ್ರಿ?"

ಯಜಮಾನರು ಖುಷಿಯಿಂದ ಮುಂದಿನ ಕಿಂಡಿಗಳನ್ನು ತೋರಿಸಿದರು. ಅವ್ವ ಒಳಗೆ ಹೋಗಿ ಹಳೆಯ ಸೀರೆಯ ಚೂರುಗಳನ್ನು ತಂದು, ಉಂಡೆ ಮಾಡಿ, ಒಂದೊಂದೇ ಕಿಂಡಿಗೆ ತುರುಕಿದಳು.

"ಬಾಣಂತಿ ಮೈಗೆ ಥಂಡಿ ಬಡೀಬಾರದ್ರಿ. ಈಗ ಏನೂ ಅನಸೂದಿಲ್ಲ, ವಯಸ್ಸಾದಮ್ಯಾಲೆ ಸೊಂಟ ಹಿಡೀತೈತಿ."

ಅತ್ತೆಯ ಮುಂದೆ ಎದುರಾಡುವವರಲ್ಲ ನಮ್ಮವರು. ಎಸಿ ಹಾಕಿದರು. ಬುಟ್ಟಿಯ ಕಡೆಯ ಕಿಂಡಿಯೊಂದು ಅರ್ಧ ತೆರೆದು ಉಳಿದಿತ್ತು. ಅದರಿಂದ ಮಾತ್ರ ಸಣ್ಣಗೆ ಗಾಳಿ ಬರುತ್ತಿತ್ತು. ಊರು ದಾಟಿದ ಮೇಲೆ ಮೆಲ್ಲಗೆ ಹೇಳಿದರು: "ಅತ್ತಿ, ಸದ್ಯಕ್ಕ ಉಂಡಿಗಷ್ಟ ತಂಪ ಹತ್ತಾಕತ್ತೈತಿ ನೋಡ್ರಿ."

"ಹತ್ತಲಿ ಬಿಡ್ರಿ, ಅದರಾಗಿನ ಬೆಲ್ಲ ಕರಗೂದಿಲ್ಲ" ಎಂದಳು ಅವ್ವ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಗಾಜು ಮುಚ್ಚಿದ ಕಾರು, ಕಿವಿಗೆ ಹತ್ತಿ, ತಲೆಗೆ ಅರಿವೆ, ಮೇಲೊಂದು ಕೌದಿ. ಏರು ಬಂದಲ್ಲಿ ಗಾಡಿ ಜಗ್ಗದೆ, ಇದ್ದಷ್ಟು ಎಸಿಯನ್ನೂ ಆರಿಸಬೇಕಾಗುತ್ತಿತ್ತು. ನನ್ನ ಮನಸ್ಸು ಮಾತ್ರ ಸೆಖೆಯ ಮೇಲಿರಲಿಲ್ಲ. ಸಂಜೆಯ ಬಸ್ಸಿಗೆ ಅವ್ವ ತಿರುಗಿ ಹೋಗುವವಳಿದ್ದಳು. ಒಂದು ದಿನ ಉಳಿ ಎಂದು ಹುಕ್ಕೇರಿಯಲ್ಲೇ ಗೋಗರೆದಿದ್ದೆ. "ಎಮ್ಮಿ ನನ್ನ ಕೈಗಷ್ಟ ಹಾಲ ಕೊಡತೈತಿ. ನಿಮ್ಮ ವೈನಿ ಹೋದ್ರ ಒದೀತೈತಿ" ಎಂದು ಅಣ್ಣನ ಹೆಂಡತಿಯ ಕಡೆ ಕೈ ತೋರಿಸಿ ಮಾತು ಮುಗಿಸಿದ್ದಳು. ಅಷ್ಟು ತಿಂಗಳು ಅವಳ ಮಗ್ಗುಲಲ್ಲೇ ಮಲಗಿದ್ದೆ. ಉಳಿದದ್ದು ಈ ದಾರಿಯಷ್ಟೇ. ಅದೂ ಪ್ರತಿ ಊರಿಗೆ ಕಡಿಮೆಯಾಗುತ್ತಿತ್ತು.

ಧುಪದಾಳ ಸಮೀಪಿಸುವಾಗ ಕೂಸು ಅಳಲು ಶುರುಮಾಡಿತು. ಮುಖ ಕೆಂಪಗಾಗಿ, ಕತ್ತಿನ ಮಡಿಕೆಯಲ್ಲಿ ಬೆವರು ಸಾಲೆ ಎದ್ದಿತ್ತು. ಎದೆಗೆ ಹಾಕಿಕೊಂಡರೂ ಹಾಲು ಕುಡಿಯಲೊಲ್ಲದು. ಯಜಮಾನರು ಬೇವಿನ ಮರದಡಿ ಕಾರು ನಿಲ್ಲಿಸಿ ನಾಲ್ಕೂ ಗಾಜು ಇಳಿಸಿದರು. ಹೊರಗೂ ಹಂಚಿನ ಮೇಲಿನ ಗಾಳಿ. ಅವ್ವ ಕೂಸನ್ನು ಎತ್ತಿಕೊಂಡು ನೆರಳಲ್ಲಿ ಅತ್ತಿಂದಿತ್ತ ಅಡ್ಡಾಡಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಮುಂದಿನ ಬಾಗಿಲು ತೆರೆದು, ತಾನೇ ತುರುಕಿದ ಅರಿವೆಗಳನ್ನು ಒಂದೊಂದಾಗಿ ಕಿತ್ತಳು.

"ಅತ್ತಿ, ಇರಲಿ ಬಿಡ್ರಿ, ಹಿಂಗ ಹೋಗೂಣು" ಎಂದರು ಇವರು, ಸಂಕೋಚಕ್ಕೆ.

"ಕೂಸು ಬೇಯಾಕತ್ತೈತಿ. ಹಾಕ್ರಿ ನಿಮ್ಮ ಥಂಡಿ."

ಕಾರು ಹೊರಟಿತು. ಕಾವೆಲ್ಲ ಹೋಗಲೆಂದು ಸ್ವಲ್ಪ ದೂರ ಗಾಜು ಇಳಿಸಿಯೇ ಓಡಿಸಿ, ಆಮೇಲೆ ಏರಿಸಿ, ಹೊರಗಿನ ಗಾಳಿಯ ದಾರಿ ಮುಚ್ಚುವ ಸಣ್ಣ ಹಿಡಿಕೆಯನ್ನು ಸರಿಸಿದರು. ಅದೇನೆಂದು ಅವ್ವ ಕೇಳಿದಳು.

"ಒಳಗಿನ ಗಾಳಿ ಒಳಗ ತಿರಗತೈತ್ರಿ. ತಂಪಾಗಿದ್ದನ್ನ ಮತ್ತ ತಂಪ ಮಾಡೂದು ಹಗರ. ಹೊರಗಿನ ಉರಿ ಗಾಳಿ ತಗೊಂಡ್ರ ಇಂಜಿನ್ ಏದತೈತಿ, ಪೆಟ್ರೋಲೂ ಕುಡೀತೈತಿ."

"ಅಂದ್ರ ಒಬ್ಬರು ಬಿಟ್ಟ ಉಸರು ಒಬ್ಬರು ತಗೋಬೇಕೇನ್ರಿ?"

"ಹೂಂ ರಿ."

ಅವ್ವ ಸ್ವಲ್ಪ ಯೋಚಿಸಿ, "ಅಡ್ಡಿಯಿಲ್ಲ. ಎಲ್ಲಾರೂ ಮನಿ ಮಂದೀನ ಅದೇವಿ" ಎಂದಳು.

ಆಮೇಲೆ ಅವಳು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಸೀಟಿನ ತುದಿಗೆ ಸರಿದು, ಎರಡು ಮುಂದಿನ ಸೀಟುಗಳ ನಡುವಿನ ಸಂದಿಗೆ ಬೆನ್ನು ಕೊಟ್ಟು, ನನ್ನ ಕಡೆ ಮುಖ ಮಾಡಿ ಅಡ್ಡ ಕೂತಳು. ಕಿಂಡಿಯಿಂದ ನುಗ್ಗಿದ ಗಾಳಿ ಅವಳ ಬೆನ್ನಿಗೆ ಬಡಿದು, ಬಿರುಸು ಕಳೆದುಕೊಂಡು, ಅವಳ ಹೆಗಲ ಅತ್ತಿತ್ತ ಜಾರಿ ನಮ್ಮಿಬ್ಬರಿಗೆ ಮುಟ್ಟಿತು.

"ನಿನಗ ಥಂಡಿ ಹತ್ತೂದಿಲ್ಲೇನು?" ಎಂದೆ.

"ನಂದು ಒಲಿ ಮುಂದ ಕಾದ ಮೈ. ಸುಮ್ಮ ಕೂಡು, ಕಿವಿ ಅರಿವಿ ಬಿಗಿ ಮಾಡಕೋ."

ಕೂಸು ಅಳು ನಿಲ್ಲಿಸಿ, ಎದೆ ಹಿಡಿದು ಕುಡಿಯಿತು, ಕುಡಿಯುತ್ತಲೇ ನಿದ್ದೆ ಹೋಯಿತು. ಲೋಬಾನದ ಹೊಗೆ, ಅಜವಾನ, ವಿಭೂತಿ, ಎಮ್ಮೆಯ ಹಾಲು: ಅವ್ವನ ಸೀರೆಯ ವಾಸನೆ ಆ ಮುಚ್ಚಿದ ಕಾರಿನಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು. ಬಸ್ಸಿನಲ್ಲಾದರೆ ಗಾಳಿಗೆ ಹಾರಿಹೋಗುತ್ತಿತ್ತು. ಗೋಕಾಕ ದಾಟಿತು, ಕಲ್ಲೋಳಿ ದಾಟಿತು. ಗದ್ದಲವಿಲ್ಲದ್ದರಿಂದ ಅವ್ವ ಪಿಸುಮಾತಿನಲ್ಲೇ ಮಾತಾಡಿದಳು, ಕೂಸಿಗೆ ಯಾವ ಎಣ್ಣೆ, ಎಷ್ಟು ಬಿಸಿಯ ನೀರು ಎಂದು. ಎಲ್ಲ ಗೊತ್ತಿದ್ದದ್ದೇ. ಮತ್ತೆ ಮತ್ತೆ ಕೇಳಿಸಿಕೊಂಡೆ. ಬಸವಣ್ಣ ಕೊಟ್ಟ ಸಣ್ಣಪುಟ್ಟ ಭಾಗ್ಯಗಳನ್ನು ನೆನೆಯುವಾಗ ಈ ದಾರಿಯನ್ನು ನಾನು ಮೊದಲಿಗೆ ನೆನೆಯುತ್ತೇನೆ.

ಮೂಡಲಗಿಯಲ್ಲಿ ನಮ್ಮತ್ತೆ ನೀರು ನಿವಾಳಿಸಿ ಒಳಗೆ ಕರೆದುಕೊಂಡರು. ಅವ್ವ ತೊಟ್ಟಿಲು ಕಟ್ಟಿಸಿದಳು, ಊಟ ಮಾಡಿದಳು. ಹೊತ್ತು ಇಳಿಯುವ ಮುಂಚೆ ಚೀಲ ಹಿಡಿದಳು. ಕಾರಿನಲ್ಲೇ ಹುಕ್ಕೇರಿಗೆ ಬಿಡುತ್ತೇನೆಂದರೆ ಒಪ್ಪಲಿಲ್ಲ. "ನನ್ನ ಒಬ್ಬಾಕಿ ಸಲುವಾಗಿ ಅಷ್ಟ ಪೆಟ್ರೋಲ್ ಸುಡೂದು ಬ್ಯಾಡ್ರಿ." ಕೂಸನ್ನು ಅತ್ತೆಗೆ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ, ಹಿಂದಿನ ಸೀಟಿನಲ್ಲಿ ಅವಳ ಬಾಜೂ.

ಬಸ್ಸು ಬಂತು. "ಬಿಸಲಾಗ ನಿಂದರಬ್ಯಾಡ, ಕಾರಿನ್ಯಾಗ ಕೂಡು ಹೋಗು" ಎಂದು ಬೈದಳು. ಕಿಟಕಿಯಿಂದ ಕೈ ಮಾಡಿದಳೋ, ಸೆರಗು ಸರಿ ಮಾಡಿಕೊಂಡಳೋ, ಧೂಳಿನಲ್ಲಿ ಕಾಣಲಿಲ್ಲ. ಅವ್ವ ಲಿಂಗೈಕ್ಯಳಾಗಿ ಈಗ ವರ್ಷಗಳಾದವು. ಆ ಬಾಣಂತನದ ನಂತರವೂ ಎಷ್ಟೋ ಸಲ ತವರಿಗೆ ಹೋಗಿ ಅವಳನ್ನು ಕಂಡು ಬಂದಿದ್ದೆ. ಆದರೆ ಅವಳನ್ನು ನೆನೆದರೆ ಆ ಸಂಜೆಯೇ ಮುಂದೆ ಬಂದು ನಿಲ್ಲುತ್ತದೆ.

ಕಾರಿಗೆ ಬಂದು ಕೂತೆ. ಅಷ್ಟರಲ್ಲೇ ಬಿಸಿಲಿಗೆ ಒಳಗೆಲ್ಲ ಕಾದಿತ್ತು. ಆದರೆ ಲೋಬಾನದ ವಾಸನೆ ಇನ್ನೂ ಇತ್ತು, ಅಜವಾನದ್ದೂ ಇತ್ತು. ಯಜಮಾನರು ಎಂದಿನಂತೆ ಗಾಜಿನ ಹಿಡಿಕೆಗೆ ಕೈ ಹಾಕಿದರು.

"ಕಾವು ಹೊರಗ ಹೋಗಲಿ ತಡಿ, ಆಮ್ಯಾಲೆ ಎಸಿ ಹಾಕತೇನಿ."

"ಇಳಸಬ್ಯಾಡ್ರಿ" ಎಂದೆ.

"ಯಾಕ? ಬೆಂದ ಹೋಗತೇವಿ."

"ಇಳಸಬ್ಯಾಡ್ರಿ."

ಅವರು ತಿರುಗಿ ನನ್ನ ಮುಖ ನೋಡಿದರು. ಹಿಡಿಕೆ ಬಿಟ್ಟು ಗಾಡಿ ಶುರುಮಾಡಿದರು. ಹಣೆಯ ಬೆವರು ಕಣ್ಣಿಗಿಳಿದರೂ ಅಂಗಿಯ ತೋಳಿಗೆ ಒರೆಸಿಕೊಳ್ಳುತ್ತ, ಮನೆ ಮುಟ್ಟುವತನಕ ನಾಲ್ಕೂ ಗಾಜು ಏರಿಸಿಕೊಂಡೇ ಬಂದರು.